ಭಾವನ ಅಂಗೈ ದಾಟಿದ ತಗಡು

ನನ್ನ ಅಕ್ಕನ ಗಂಡ ತಗಡಿನ ಕೆಲಸದವನು. ಹಳೇ ಕಾರುಗಳ ಬಾಗಿಲು, ಬಾನೆಟ್ಟು, ಮಡ್‌ಗಾರ್ಡುಗಳನ್ನು ಬಡಿದು ತಿದ್ದಿ ಮತ್ತೆ ಕೂರಿಸುವುದು ಅವನ ಕಸುಬು. ಅದೇ ಶೆಡ್ಡಿನಲ್ಲಿ ನಾನು ಬಣ್ಣ ಹೊಡೆಯುವವನು. ಮೊದಲು ಗೆಳೆಯ, ಆಮೇಲೆ ಭಾವನಾದವನು, ಅದಕ್ಕೇ ಏಕವಚನ. ಮೂವತ್ತೊಂದು ವರ್ಷದಿಂದ ಅವನು ಬಡಿದದ್ದಕ್ಕೆ ನಾನು ಬಣ್ಣ ಹೊಡೆದಿದ್ದೇನೆ, ದಿನಕ್ಕೆ ಎರಡು ಸಲ ಜಗಳವನ್ನೂ ಆಡಿದ್ದೇನೆ. ಮೂಗಿನ ತುದಿಯಲ್ಲೇ ಕೋಪ ನನಗೆ. ಅವನೋ, ಹತ್ತು ಮಾತಿಗೆ ಒಂದು ಹೂಂ.

ಅವನನ್ನು ಎಲ್ಲರೂ ಅಂಗೈ ಮೇಷ್ಟ್ರು ಎಂದು ಕರೆಯುತ್ತಿದ್ದರು. ಬಾಗಿಲ ಸುತ್ತಲಿನ ಸಂದಿ ಕಣ್ಣಿನ ಕೆಲಸ. ಎರಡು ಸೈಕಲ್ ಕಡ್ಡಿ ಜೋಡಿಸಿ ಮೇಲಿಂದ ಕೆಳಗೆ ಎಳೆದರೆ ಎಲ್ಲೂ ಸಿಕ್ಕಿಕೊಳ್ಳದೆ, ಎಲ್ಲೂ ಸಡಿಲವಾಗದೆ ಜಾರಬೇಕು. ತಗಡಿನ ಮೈ ಮಾತ್ರ ಅಂಗೈಯ ಕೆಲಸ. ಭಾವ ಕಣ್ಣು ಮುಚ್ಚಿ ಬಾಗಿಲ ಮೇಲೆ ಕೈಯೆಳೆದರೆ ಕೂದಲೆಳೆಯಷ್ಟು ಉಬ್ಬೂ ಸಿಕ್ಕಿಬೀಳುತ್ತಿತ್ತು. ಬೇರೆಯವರ ಕೆಲಸವಾದರೆ ನಾನು ಮೊದಲು ತೆಳ್ಳಗೆ ಕಪ್ಪು ಪುಡಿ ಬಳಿದು, ಮರದ ತುಂಡಿಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಿ ನೋಡುತ್ತೇನೆ. ತಗ್ಗಿದ್ದಲ್ಲಿ ಕಪ್ಪು ಉಳಿಯುತ್ತದೆ, ಉಬ್ಬಿದ್ದಲ್ಲಿ ಬೇಗ ಅಳಿಸಿಹೋಗುತ್ತದೆ. ಭಾವನ ಕೆಲಸಕ್ಕೆ ನಾನು ಆ ಪರೀಕ್ಷೆ ಇಟ್ಟವನಲ್ಲ. ಅವನು "ಆಯ್ತು" ಎಂದರೆ ಆಯಿತು. ಅದು ನಮ್ಮ ಶೆಡ್ಡಿನ ಮರ್ಯಾದೆ.

ಈ ಸಲ ಬಂದದ್ದು ಎಪ್ಪತ್ತು ವರ್ಷದ ಕಪ್ಪು ಕಾರು. ನಾಲ್ಕು ಬಾಗಿಲೂ ತುಕ್ಕು ತಿಂದು ಜರಡಿಯಾಗಿದ್ದವು. ಭಾವ ಹೊಸ ತಗಡು ಕತ್ತರಿಸಿ, ಬೆಸುಗೆ ಹಾಕಿ, ಒಂಬತ್ತು ವಾರ ಬಡಿದ. ಮೊದಲಾದರೆ ಐದು ವಾರ ಸಾಕಿತ್ತು.

"ಏನೋ ಭಾವ, ಬಾಗಿಲು ಮಾಡ್ತಿದ್ದೀಯೋ, ತೊಟ್ಟಿಲು ತೂಗ್ತಿದ್ದೀಯೋ?" ಎಂದು ರೇಗಿಸಿದೆ. ಅವನು ನಗಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಎಲ್ಲವೂ ನನ್ನ ಕಣ್ಣೆದುರೇ ಇತ್ತು. ಆಗತಾನೇ ಬೆಸೆದ ತಗಡಿನ ಮೇಲೆ ಅವನು ಕೈಯೂರಿ ನಿಂತಿದ್ದಾಗ, ಚರ್ಮ ಸುಟ್ಟ ವಾಸನೆ ಹಿಡಿದು ಕೂಗಿದ್ದು ನಾನು. "ದುಡಿಯೋ ಕೈ, ಚರ್ಮ ದಪ್ಪ" ಎಂದು ಪ್ಯಾಂಟಿಗೆ ಒರೆಸಿಕೊಂಡ. ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುತ್ತಿದ್ದದ್ದು ಅಕ್ಕ. ಭುಜ ನೋವು ಎಂದು ಅವಳಿಗೆ ಸುಳ್ಳು ಹೇಳಿದ್ದ. ಭಾವನಿಗೆ ಸಕ್ಕರೆ ಕಾಯಿಲೆ ಇತ್ತು. ಆ ಕಾಯಿಲೆಯವರ ಕೈಗೆ ಜೋಮು ಹಿಡಿಯುತ್ತದೆ, ಸ್ಪರ್ಶ ಹೋಗುತ್ತದೆ ಎಂದು ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಾವನ ಕೈಗೂ ಹಾಗಾಗಬಹುದು ಎನ್ನುವುದನ್ನು ಮನಸ್ಸು ಒಪ್ಪಲಿಲ್ಲ, ಅಷ್ಟೆ.

ಸೋಮವಾರ ಅವನು ಎಡಗಡೆಯ ಮುಂಬಾಗಿಲಿನ ಮೇಲೆ ಕೈಯಾಡಿಸಿ "ಆಯ್ತು" ಎಂದ. ನಾನು ಎಂದಿನಂತೆ ನಂಬಿದೆ, ಬಣ್ಣ ಹೊಡೆದೆ. ಕಪ್ಪು ಬಣ್ಣಕ್ಕೆ ಯಾರ ಮುಲಾಜೂ ಇಲ್ಲ. ಬುಧವಾರ ಮೆರುಗು ಕೊಟ್ಟು, ಮೂರು ಹೆಜ್ಜೆ ಹಿಂದೆ ಸರಿದು, ಕುಕ್ಕರುಗಾಲಲ್ಲಿ ಕೂತು ನೋಡಿದರೆ, ಬಾಗಿಲಲ್ಲಿ ನೆಟ್ಟಗೆ ಕಾಣಬೇಕಿದ್ದ ಟ್ಯೂಬ್‌ಲೈಟು ಹಾವಿನ ಹಾಗೆ ಸೊಟ್ಟಗಾಗಿತ್ತು. ಹಿಡಿಯ ಕೆಳಗೆ ಅಂಗೈಯಗಲದ ಉಬ್ಬು. ಶುಕ್ರವಾರ ಕಾರಿನ ಒಡತಿ ಬರುವವಳಿದ್ದಳು.

"ಭಾವ! ಬಾ ಇಲ್ಲಿ. ಏನಿದು ಬಾಗಿಲು?"

ಬಂದ. ಬಗ್ಗಿ ಕೂಡ ನೋಡಲಿಲ್ಲ. "ನಿನ್ ಬಣ್ಣ ಸರಿಯಾಗಿ ಕೂತಿಲ್ಲ" ಎಂದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಮೈಯೆಲ್ಲ ಉರಿಯಿತು. "ಕೈಯಿಟ್ಟು ನೋಡು. ನೀನು ನೋಡೋದು ಹಾಗೇ ತಾನೆ?"

ಅವನು ಕಣ್ಣು ಮುಚ್ಚಿದ. ಅಂಗೈ ಬಾಗಿಲ ಮೇಲೆ ಹೊರಟಿತು. ಉಬ್ಬಿನ ಮೇಲೆ ಹತ್ತಿತು, ಇಳಿಯಿತು, ಮುಂದೆ ಹೋಯಿತು. ಎಲ್ಲೂ ನಿಲ್ಲಲಿಲ್ಲ.

"ಇಲ್ಲೇನೋ?"

"ಅಲ್ಲ."

"ಮತ್ತೆ ಇಲ್ಲಿ?"

"ಅಲ್ಲ ಭಾವ."

ಅವನ ಹಣೆಯಲ್ಲಿ ಬೆವರು ಕಿತ್ತುಬಂತು. ನಾಲ್ಕನೆಯ ಸಲವೂ ಕೈಯೆಳೆದ. "ಯಾರಿಗೂ ಹೇಳ್ಬೇಡ ಕಣೋ" ಎಂದ. "ನಿಮ್ಮಕ್ಕಂಗೂ ಬೇಡ. ಈ ಕೈ ಬಿಟ್ರೆ ನಂಗೆ ಬೇರೇನು ಬರುತ್ತೆ ಹೇಳು? ನೀನು ಒಂದ್ಸಲ ಹಿಡ್ಕೊಂಡು ತೋರ್ಸಿಬಿಡು. ಜಾಗ ಸಿಕ್ರೆ ಸಾಕು, ಮಿಕ್ಕಿದ್ದು ಹತ್ತು ನಿಮಿಷದ ಕೆಲ್ಸ."

ನಾನು ಅವನ ಮಣಿಕಟ್ಟು ಹಿಡಿದೆ. ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಯಾವ ಪಾಪಿ ಹೊಕ್ಕಿದ್ದನೋ ಗೊತ್ತಿಲ್ಲ. ಸಿಟ್ಟೋ, ಹೆದರಿಕೆಯೋ, ನಿಜ ಎಷ್ಟಿದೆ ಎಂದು ನೋಡಿಯೇಬಿಡುವ ಹಟವೋ. ಅವನ ಅಂಗೈಯನ್ನು ಉಬ್ಬಿನ ಮೇಲೆ ಇಡಲಿಲ್ಲ. ಕೀಲಿನ ಪಕ್ಕದಲ್ಲಿ, ಒಂದಿಷ್ಟೂ ಏರುತಗ್ಗಿಲ್ಲದ ಜಾಗದಲ್ಲಿ ಇಟ್ಟೆ.

ಅವನ ಮುಖ ಅರಳಿತು. "ಹಾಂ, ಸಿಕ್ತು! ಇಲ್ಲೇ ಇದೆ ನೋಡು. ಅಬ್ಬ, ಎಷ್ಟು ದೊಡ್ಡದು! ಹೇಗೆ ತಪ್ಪಿಹೋಯ್ತೋ ಏನೋ. ಸುತ್ತಿಗೆ ಕೊಡು."

ನಾನು ಕೊಡಲಿಲ್ಲ. "ಭಾವ, ಅಲ್ಲಿ ಏನೂ ಇಲ್ಲ. ಸಪಾಟಾಗಿದೆ."

ಅವನು ಕಣ್ಣು ತೆರೆಯಲಿಲ್ಲ. ಕೈಯನ್ನೂ ತೆಗೆಯಲಿಲ್ಲ.

"ಇಟ್ಟಿದ್ದು ನೀನಲ್ವೇನೋ?" ಎಂದ. "ನೀನು ಇಟ್ಮೇಲೆ ಇರುತ್ತೆ ಅನ್ಕೊಂಡೆ."