ಆಂಟಿ ಓದಿದ ಅಟ್ಯಾಚ್‌ಮೆಂಟ್

ಪ್ಲೇನ್ಸ್‌ಬರೋದಲ್ಲಿ ನಮ್ಮ ಮೇಲಿನ ಮನೆಯ ಆಂಟಿ ಒಂದು ಪೆನ್ ಡ್ರೈವ್ ತಂದುಕೊಟ್ಟರು. ತೀರಿಹೋದ ಅವರ ತಮ್ಮ ಎಂದೋ ಕಳಿಸಿದ್ದ ಇಮೇಲ್ ಅದರಲ್ಲಿತ್ತು. ಅಟ್ಯಾಚ್ ಮಾಡಿದ್ದ ಪತ್ರ ಮಾತ್ರ ಯಾವ ಆ್ಯಪ್‌ನಲ್ಲೂ ತೆರೆಯುತ್ತಿರಲಿಲ್ಲ. ನಾನು ಕಂಪ್ಯೂಟರಿನ ಟರ್ಮಿನಲ್‌ನಲ್ಲಿ, ಇಮೇಲ್‌ನಿಂದ ಅಟ್ಯಾಚ್‌ಮೆಂಟ್ ಬಿಡಿಸಿಕೊಡುವ ಮನ್‌ಪ್ಯಾಕ್ ಎಂಬ ಹಳೇ ಕಮಾಂಡ್ ಹೊಡೆದೆ. ಪತ್ರವೇನೋ ಹೊರಬಂತು. ಬೀಗುತ್ತಾ ತೆರೆದರೆ ಮೊದಲ ಸಾಲಿನಲ್ಲೇ CPÀÌ!

“ಸಾರಿ ಆಂಟಿ, ಫೈಲ್ ಕರಪ್ಟ್ ಆಗಿದೆ.”

ಅವರು ಕನ್ನಡಕ ಏರಿಸಿದರು. “ಕರಪ್ಟೂ ಇಲ್ಲ, ಏನೂ ಇಲ್ಲ. ಇದು ಹಳೇ ಕನ್ನಡ ಫಾಂಟಪ್ಪ, ಅದಿಲ್ಲದ ಕಂಪ್ಯೂಟರಲ್ಲಿ ಹೀಗೇ ಕಾಣೋದು. ಇಲ್ಲಿನ ಕನ್ನಡ ಸಂಘದ ಪತ್ರಿಕೆಗೆ ವರ್ಷಗಟ್ಟಲೆ ಇದರಲ್ಲೇ ಟೈಪ್ ಮಾಡಿದ್ದೀನಿ, ಹೀಗಿದ್ರೂ ಓದೋಕೆ ಬರುತ್ತೆ.” ಆ ಅಕ್ಷರಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದರು: “ಅಕ್ಕ...”

ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡರು.

“ಆ ಫಾಂಟ್ ಹುಡುಕಿ ಹಾಕಿಕೊಡ್ಲಾ?” ಅಂದೆ.

“ಬೇಡ, ಹೀಗೇ ಇರಲಿ. ಬೇರೆ ಯಾರಿಗೂ ಓದೋಕಾಗಲ್ಲ.”

ಅಂದಹಾಗೆ, ಆಫೀಸಿನಲ್ಲಿ ನಾನಿರುವುದು, ಬೇರೆ ಯಾರೂ ಓದದಂತೆ ಫೈಲುಗಳನ್ನು ಕಾಯುವ ಸೆಕ್ಯುರಿಟಿ ಟೀಮಿನಲ್ಲಿ.