ದೇವರ ತೊತ್ತು

ಶ್ರಾವಣಕ್ಕೆಂದು ಇವತ್ತು ಪುರಾಣದ ಪುಸ್ತಕ ಬಿಚ್ಚಿದೆ. ಹಾಳೆಗಳ ನಡುವೆ ಒಣಗಿದ ಬೇವಿನೆಲೆಯ ವಾಸನೆ ಬಂದದ್ದೇ ತಡ, ಮನಸ್ಸು ಚಿಕ್ಕಂದಿನ ನಮ್ಮೂರು ತಾಳ್ಯದ ಗುಡಿಯ ಪಡಸಾಲೆಗೆ ಹೋಗಿಬಿಟ್ಟಿತು.

ಅಲ್ಲಿ ಅಜ್ಜ ಇದೇ ಪುಸ್ತಕವನ್ನು ರಾಗವಾಗಿ ಓದಿ, ಕನ್ನಡಕ ಹಣೆಗೇರಿಸಿ ಅರ್ಥ ಹೇಳುತ್ತಿದ್ದ. ಅವತ್ತು, ಭಕ್ತೆಯೊಬ್ಬಳು ತಾನು ಶಿವನ ತೊತ್ತು, ಅವನ ಮನೆಯ ದಾಸಿ ಎಂದುಕೊಳ್ಳುವ ಪದ್ಯ ಬಂತು. ಗೌಡರ ಮನೆಯಲ್ಲಿ ಕಸಮುಸುರೆ ಮಾಡುವ ಗಂಗವ್ವ ಕಂಬಕ್ಕೊರಗಿ ಕೇಳುತ್ತಿದ್ದಳು.

"ಲೇ ಗಂಗಿ, ನಿನ್ ಹೆಸ್ರು ಬಂತು ನೋಡೇ!" ಎಂದು ಯಾರೋ ನಕ್ಕರು. ಅವಳು ಎದ್ದುಬಿಟ್ಟಳು.

"ಕುಂತ್ಕಳವ್ವ, ಅದು ಬೈಗುಳ ಅಲ್ಲ. ಅದ್ರಾಗೆ ಭಕ್ತಿ ಐತೆ," ಎಂದ ಅಜ್ಜ.

"ಹಂಗಾರೆ ಗೌಡ್ರ ಹೆಂಡ್ರಿಗೂ ಒಂದ್ಸಲ ಅನ್ರಿ, ಕೇಳಾಣ."

ಅಜ್ಜ ಕನ್ನಡಕ ಇಳಿಸಿ ಮುಂದಿನ ಪದ್ಯಕ್ಕೆ ಹೋದ. ಗಂಗವ್ವ ಮತ್ತೆಂದೂ ಪುರಾಣಕ್ಕೆ ಬರಲಿಲ್ಲ.

ಇಂದು ಸಂಜೆ ಓಣಿಯ ಹೆಂಗಸರಿಗೆ ಅದೇ ಪದ್ಯವನ್ನು ನಾನೇ ಓದಬೇಕು. ಕಂಡವರ ಮನೆಗೆಲಸ ಮುಗಿಸಿ ಬರುವವರೇ ಹೆಚ್ಚು. ಆ ಪದ ಬಿಟ್ಟರೆ ಭಕ್ತೆಯ ಮಾತು ಕದ್ದಂತೆ, ಓದಿದರೆ ಇವರನ್ನು ಬೈದಂತೆ. ಚಾಪೆ ಹಾಸಿದ್ದಾಯಿತು, ಏನೆಂದು ಓದಲಿ, ಶಿವನೇ?