ಗಾಳಿಗೆ ತಿರುಗದ ಹಂಸಗಳು

2006ರ ಚಳಿಗಾಲ. ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಸುತ್ತಲಿನ ಕೆರೆಗಳ ನೀರುಹಕ್ಕಿ ಗಣತಿಯೂ ನನ್ನ ಪಾಲಿಗೆ ಬಂದಿತ್ತು. ಮಗ್ಗದ ಮನೆಯಲ್ಲಿ ಹುಟ್ಟಿ ಡಿಗ್ರಿ ಪಡೆದವರಲ್ಲಿ ನಮ್ಮ ಕುಟುಂಬಕ್ಕೆ ನಾನೇ ಮೊದಲಿಗಳು. ಆ ಹೆಮ್ಮೆ ನನಗಿತ್ತು, ಈಗಲೂ ಇದೆ.

ಸೋಮನೂರಿನಲ್ಲಿ ಪವರ್‌ಲೂಮ್ ನಡೆಸುತ್ತಿದ್ದ ಸೋದರಮಾವ ಫೋನ್ ಮಾಡಿದರು. ಊರಾಚೆಯ ಕೆರೆಯ ಜೌಗಿನಲ್ಲಿ ಹಂಸಗಳು ಇಳಿದಿವೆಯಂತೆ, ನೇಕಾರ ಬೀದಿಯವರು ದಂಡೆಯಲ್ಲಿ ನಿಂತು ಕೈಮುಗಿಯುತ್ತಿದ್ದಾರಂತೆ. ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಘಟಕಗಳ ಕೆಸರನ್ನು ಲಾರಿಗಳು ಅಲ್ಲೇ ತಂದು ಸುರಿಯುತ್ತಿದ್ದವು. ಹಂಸ ಇದೆಯೆಂದು ನಾನು ಅರಣ್ಯ ಇಲಾಖೆಗೆ ವರದಿ ಕೊಟ್ಟರೆ ಲಾರಿ ನಿಲ್ಲುತ್ತವೆಂದು ಬೀದಿಯವರೆಲ್ಲ ನಂಬಿದ್ದರು.

ದಂಡೆಯ ಮೇಲೆ ನಿಂತು ಮಾವ ಕೈ ತೋರಿಸಿದರು. ನಮ್ಮ ಕಡೆ ಹಂಸಕ್ಕೆ ಅನ್ನಪಕ್ಷಿ ಅನ್ನುತ್ತಾರೆ, ಮನೆಯ ಹುಡುಗಿಗೆ ಅಮ್ಮಿಣಿ. “ನೋಡು ಅಮ್ಮಿಣಿ, ಅನ್ನಪಕ್ಷಿ. ಸೀರೆ ಬಾರ್ಡರ್‌ನಾಗೆ ಕಾಲಮೆಲ್ಲಾ ಅದನ್ನೇ ನೆಯ್ದೀನಿ. ಆ ಕೊರಳು ನನಗ್ ತೆರಿಯಾದಾ, ಗುರ್ತು ಸಿಗಲ್ವಾ?”

“ಬಾರ್ಡರ್ ಹಕ್ಕಿ ಬಾಯಲ್ಲಿ ಹೂವೂ ಇರುತ್ತೆ ಮಾವ. ಇದಕ್ಕಿದೆಯಾ?”

“ಕಾಲೇಜು ಸೇರಿದ್ಮ್ಯಾಲೆ ಬಾಯಿ ಜಾಸ್ತಿ ಆಗೋಯ್ತು ನಿಂಗೆ.”

ಜೌಗಿನಲ್ಲಿ ಗಾತ್ರ ಮೋಸ ಮಾಡುತ್ತದೆ. ಪಕ್ಕದಲ್ಲಿಟ್ಟು ಅಳೆಯಲು ಮರವಿಲ್ಲ, ಮನುಷ್ಯನಿಲ್ಲ. ಕಾಡುಹಂಸ ನಮ್ಮ ದಕ್ಷಿಣಕ್ಕೆ ಬರುವ ಹಕ್ಕಿಯಲ್ಲ. ಮುಕ್ಕಾಲಿಯ ಮೇಲಿಟ್ಟ ದುರ್ಬೀನಿನಂಥ ಸ್ಪಾಟಿಂಗ್ ಸ್ಕೋಪ್‌ನಲ್ಲಿ ಮುಂದಿನ ಎರಡು ಹಕ್ಕಿಗಳ ಚೂಪು ಕೊಕ್ಕು ಕಂಡಿತು: ಬೆಳ್ಳಕ್ಕಿ. ಹಿಂದಿನವು ಬಿಸಿಲ ಅಲೆಯಲ್ಲಿ ಬರೀ ಬಿಳುಪು. ಆದರೆ ನಿಂತ ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಮುಖ ಕೊಡುತ್ತದೆ. ಗಾಳಿ ದಿಕ್ಕು ಬದಲಿಸಿತು. ಹಿಂದಿನವುಗಳಲ್ಲಿ ಒಂದೂ ತಿರುಗಲಿಲ್ಲ.

ಕೆಸರಿಗಿಳಿದು ನಡೆದೆವು. ಹಿಂದಿನವು ತಂತಿಗೆ ಬನಿಯನ್ ಗಿರಣಿಯ ಬಿಳಿ ಚಿಂದಿ ಸುತ್ತಿದ ಗೊಂಬೆಗಳು. ಸುತ್ತ ಬಲೆ. ಜೀವವಿದ್ದ ಎರಡು ಬೆಳ್ಳಕ್ಕಿಗಳ ಕಾಲು ಗೂಟಕ್ಕೆ ಕಟ್ಟಿತ್ತು. ರೆಪ್ಪೆಗಳನ್ನು ದಾರದಿಂದ ಹೊಲಿದಿದ್ದರು. ಇಂಥವನ್ನು ಡಿಕಾಯ್ ಅನ್ನುತ್ತಾರೆ: ಕಣ್ಣು ಕಾಣದ ಹಕ್ಕಿ ಬೆದರದೆ ನಿಲ್ಲುತ್ತದೆ, ಅದನ್ನು ನಂಬಿ ಹಾರುವವು ಬಲೆಗಿಳಿಯುತ್ತವೆ. ಓದಿ ಗೊತ್ತಿತ್ತು. ಬಾಗಿ ಒಂದನ್ನು ಎರಡೂ ಕೈಯಲ್ಲಿ ಹಿಡಿದೆ, ಮೈ ಬೆಚ್ಚಗಿತ್ತು.

ಮಾವ ಸೊಂಟದಿಂದ ನೂಲುಕತ್ತರಿ ತೆಗೆದು ಬಾಗಿದರು. ಬಾಗಿದವರು ಹಾಗೇ ನಿಂತರು.

“ಅಮ್ಮಿಣಿ, ಈ ಗಂಟು ನಮ್ಮೋರ್ದು.”

ಮಗ್ಗದಲ್ಲಿ ಎಳೆ ಕಡಿದಾಗ ನೇಕಾರರು ಹಾಕುವ ಸಣ್ಣ ಗಂಟು ಅದು. ನಾನೂ ಬಾಲ್ಯದಲ್ಲಿ ಹಾಕಿದ್ದೆ. ದಂಡೆಯಿಂದ ಅನ್ನಪಕ್ಷಿಗೆ ಕೈಮುಗಿದವರಲ್ಲೇ ಯಾರೋ ಕೂತು ಈ ಕಣ್ಣುಗಳನ್ನು ಹೊಲಿದಿದ್ದರು.

“ಇದನ್ನೂ ಬರೀತೀಯಾ?”

“ಬರೀತೀನಿ ಮಾವ.”

“ನಮ್ಮ ಬೀದಿ ಆಳೇ ಸಿಕ್ಕಾಕ್ಕೊಂಡ್ರೆ?”

ನಾನು ಹಕ್ಕಿಯನ್ನು ಅವರ ಕತ್ತರಿಯತ್ತ ಚಾಚಿದೆ. ಅವರು ನನ್ನ ಮುಖ ನೋಡಿ, “ಸರಿ, ತಲೆ ಅಲ್ಲಾಡದಂಗೆ ಹಿಡ್ಕೊ” ಎಂದು ಒಂದೊಂದೇ ಎಳೆ ಕತ್ತರಿಸಿದರು.

ಹಂಸವಿಲ್ಲ ಎಂದು ಬರೆದೆ. ಬಲೆ, ಹೊಲಿದ ರೆಪ್ಪೆ, ಗಂಟು ಎಲ್ಲವನ್ನೂ ಬರೆದೆ. ಅರಣ್ಯ ಇಲಾಖೆಯವರು ಬಂದು ಬೀದಿಯಲ್ಲಿ ವಿಚಾರಿಸಿ ಬಲೆ ಹೊತ್ತೊಯ್ದರು. ಲಾರಿಗಳು ನಿಲ್ಲಲಿಲ್ಲ. ಮುಂದೆ ಮಾವನ ಮನೆಯ ಮದುವೆಯಲ್ಲಿ ನನ್ನ ಪಕ್ಕದ ಊಟದ ಎಲೆಗೆ ಬೀದಿಯವರು ಯಾರೂ ಕೂರಲಿಲ್ಲ. ಮಾವ ಬಂದು ಕೂತರು.

ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಹಕ್ಕಿಯ ಹೆಸರು ಬರೆದ ಮೇಲೆ, ಅದಕ್ಕೆ ಏನು ಮಾಡಿದ್ದಾರೆಂದೂ ಬರೆಯಬೇಕು. ಆ ಸಾಲು ನಮ್ಮವರ ಬಾಗಿಲಿಗೇ ಹೋಗಿ ನಿಂತರೂ.